ಬನ್ಸಿ ರವೆಯ ಮೇಲೆ ಮೀಟರ್ ಗೇಜ್

ಮೈಸೂರಿನಿಂದ ನಂಜನಗೂಡಿಗೆ ರೈಲು ಬಂದದ್ದು 1891ರಲ್ಲಿ. ಅದೇ 1891ರಲ್ಲಿ ಜರ್ಮನಿಯ ಲೈಪ್‌ಜಿಗ್ ಮೇಳದಲ್ಲಿ ಮಾರ್ಕ್ಲಿನ್ ಅನ್ನುವ ಆಟಿಕೆ ಕಂಪನಿ, ಗೊತ್ತಾದ ಅಳತೆಯ ಹಳಿ, ಆ ಹಳಿಗೆ ಹೊಂದುವ ಎಂಜಿನ್ನು, ಡಬ್ಬಿ ಎಲ್ಲವನ್ನೂ ಜೋಡಿಸಿ ಮಾರಾಟಕ್ಕಿಟ್ಟಿತು. ಈ ಎರಡು ಸಂಗತಿಗಳು ಒಂದನ್ನೊಂದು ಹುಡುಕಿಕೊಂಡು ಬಂದು ನಮ್ಮ ಮನೆಯ ಊಟದ ಮೇಜನ್ನು ವಶಪಡಿಸಿಕೊಳ್ಳುವುದಕ್ಕೆ ನೂರ ಮೂವತ್ತು ವರ್ಷ ಹಿಡಿಯಿತು. ನನ್ನಾಕೆಗೆ ಇದೆಲ್ಲ ಚರಿತ್ರೆಯ ಯೋಗಾಯೋಗ ಅಂತ ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡು, “ಸರಿ ರೀ, ಊಟ ಎಲ್ಲಿ ಮಾಡೋದು?” ಅಂದಳು. ಅಂದಿನಿಂದ ನಾವು ನೆಲದ ಮೇಲೆ ಕೂತು ಉಣ್ಣುತ್ತಿದ್ದೇವೆ. ಮಂಡಿನೋವಿಗೆ ಅದೇ ಒಳ್ಳೆಯದು ಅಂತ ಎಲ್ಲೋ ಓದಿದ ನೆನಪು.

ಮೇಜಿನ ಮೇಲೆ ಎಂಟಡಿ ನಾಲ್ಕಡಿ ಪ್ಲೈವುಡ್ಡು. ಅದರ ಮೇಲೆ ಮೈಸೂರು, ಕಡಕೊಳ, ತಾಂಡವಪುರ, ಕಪಿಲಾ ನದಿ, ನಂಜನಗೂಡು. ಎಂಬತ್ತೇಳರಲ್ಲಿ ಒಂದು ಪಾಲು ಅಳತೆ. ಲೆಕ್ಕ ಕಲಿಸಿಯೇ ನಿವೃತ್ತನಾದವನು ನಾನು, ಅಳತೆ ವಿಷಯದಲ್ಲಿ ರಾಜಿಯಿಲ್ಲ. ಆದರೆ ಮೈಸೂರಿನಿಂದ ನಮ್ಮೂರು ನಂಜನಗೂಡಿಗೆ ಸುಮಾರು 25 ಕಿಲೋಮೀಟರ್ ಹಳಿಯಿದೆ. ಎಂಬತ್ತೇಳರಿಂದ ಭಾಗಿಸಿದರೂ ಹತ್ತಿರ ಹತ್ತಿರ 290 ಮೀಟರ್ ಆಗುತ್ತದೆ. ಅಷ್ಟನ್ನು ಪ್ರಾಮಾಣಿಕವಾಗಿ ಹಾಕುವುದಾದರೆ ನನ್ನ ರೈಲು ಎದುರುಮನೆಯ ದೇವರಕೋಣೆ ದಾಟಿ, ಅವರ ಹಿತ್ತಿಲ ಬಚ್ಚಲು ಹಾಯ್ದು, ಮುಂದಿನ ಬೀದಿಯಲ್ಲೆಲ್ಲೋ ಕಡಕೊಳ ಮುಟ್ಟಬೇಕಿತ್ತು. ಎದುರುಮನೆಯವರು ನಮ್ಮ ಕರಿಬೇವಿನ ಗಿಡದ ಒಂದು ರೆಂಬೆಯನ್ನೇ ಸಹಿಸದ ಜನ. ಆದ್ದರಿಂದ ನಮ್ಮ ಹವ್ಯಾಸದಲ್ಲಿ ಒಂದು ಧರ್ಮಸೂಕ್ಷ್ಮವಿದೆ: ಉದ್ದದ ವಿಷಯದಲ್ಲಿ ಸುಳ್ಳು ಹೇಳಬಹುದು, ಅಗಲದ ವಿಷಯದಲ್ಲಿ ಕೂಡದು.

ಅಗಲ ಅಂದೆನಲ್ಲ, ಈ ಹವ್ಯಾಸದ ನಮ್ಮ ನಾಲ್ವರು ಗೆಳೆಯರಲ್ಲಿ ಜಗಳ ಇರುವುದೇ ಅಲ್ಲಿ. ನಾನು ಮೀಟರ್ ಗೇಜಿನವನು. ನನ್ನ ನಂಜನಗೂಡಿಗೆ ಇನ್ನೂ ಬ್ರಾಡ್ ಗೇಜ್ ಬಂದಿಲ್ಲ, ನಾನಿರುವವರೆಗೆ ಬರುವುದೂ ಇಲ್ಲ. ಸಾವಿರ ಮಿಲಿಮೀಟರನ್ನು ಎಂಬತ್ತೇಳರಿಂದ ಭಾಗಿಸಿದರೆ ಹನ್ನೊಂದೂವರೆ. ಪೇಟೆಯಲ್ಲಿ ಸಿಗುವುದು ಹನ್ನೆರಡು ಮಿಲಿಮೀಟರಿನ ಹಳಿ, ಅದೂ ಸ್ವಿಜರ್ಲೆಂಡಿನ ಆಲ್ಪ್ಸ್ ಬೆಟ್ಟದ ಮೀಟರ್ ಗೇಜ್ ರೈಲುಗಳಿಗೆಂದು ಮಾಡಿದ್ದು. ಹಿಮ ನೋಡಬೇಕಿದ್ದ ಹಳಿ ರಸಬಾಳೆ ತೋಟ ನೋಡುತ್ತಿದೆ. ಟಿ. ನರಸೀಪುರದ ನನ್ನ ಗೆಳೆಯ ಜವಳಿ ವ್ಯಾಪಾರದವನು, ಅಗ್ಗದ್ದು ಅಂತ ಹದಿನಾರೂವರೆ ಮಿಲಿಮೀಟರಿನ ಹಳಿ ಹಾಕಿಕೊಂಡು ಅದನ್ನು ಬ್ರಾಡ್ ಗೇಜ್ ಅನ್ನುತ್ತಾನೆ. ಅದನ್ನು ಎಂಬತ್ತೇಳರಿಂದ ಗುಣಿಸಿದರೆ 1435 ಬರುತ್ತದೆ, ಸ್ವಾಮಿ. ಅದು ಬೆಂಗಳೂರಿನ ನಮ್ಮ ಮೆಟ್ರೊ ಓಡುವ ಗೇಜು! ನಮ್ಮ ಬ್ರಾಡ್ ಗೇಜಿನ 1676ಕ್ಕೆ ಹತ್ತೊಂಬತ್ತು ಚಿಲ್ಲರೆ ಬೇಕು. ಇದನ್ನು ಅವನಿಗೆ ತಿಳಿಹೇಳಿದಾಗಲೆಲ್ಲ, “ಎರಡೂ ಮುಕ್ಕಾಲು ಮಿಲಿಮೀಟರಿಗೆ ಯಾಕ್ರೀ ಮೇಷ್ಟ್ರೇ ರಕ್ತದೊತ್ತಡ ಏರಿಸ್ಕೋತೀರಿ? ಬಟ್ಟೆ ಒಗೆದ್ರೆ ಅದಕ್ಕಿಂತ ಕುಗ್ಗುತ್ತೆ” ಅನ್ನುತ್ತಾನೆ. ಇಂಥವರಿಂದಲೇ ದೇಶ ಹೀಗಾಗಿರುವುದು.

ತಿಂಗಳಿಗೊಂದು ಭಾನುವಾರ ಒಬ್ಬರ ಮನೆಯಲ್ಲಿ ಸೇರಿ, ಹೊಸದಾಗಿ ಏನು ಮಾಡಿದೆವು ಅಂತ ಪರಸ್ಪರ ಒಪ್ಪಿಸುವುದು ನಮ್ಮ ಪದ್ಧತಿ. ತಾಂಡವಪುರದ ಎಂಜಿನಿಯರಿಂಗ್ ಹುಡುಗ ಮೊಬೈಲಿನಿಂದಲೇ ಸಿಗ್ನಲ್ ಕೆಂಪು ಹಸಿರು ಮಾಡುತ್ತಾನೆ. ನಮಗೆ ಅರ್ಥವಾಗುವುದಿಲ್ಲ, ತಲೆಯಾಡಿಸುತ್ತೇವೆ. ಇನ್ನೊಬ್ಬರು ಕವಲಂದೆ ಕಡೆಯವರು, ಇಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ಕೆಲಸ, ಮಾತು ಕಡಿಮೆ. ಅವರು ತಗಡು ಕತ್ತರಿಸಿ ಡಬ್ಬಿ ಕಟ್ಟುವುದು ನೋಡಿದರೆ ಜರ್ಮನಿಯವನೂ ಕೈಮುಗಿಯಬೇಕು.

ನನ್ನ ಸೇತುವೆಯ ವಿಷಯ ಹೇಳದೆ ಮುಂದೆ ಹೋಗಲಾರೆ. ಕಪಿಲೆಗೆ ಅಡ್ಡಲಾಗಿ ದಳವಾಯಿ ದೇವರಾಜ 1735ರಲ್ಲಿ ಕಟ್ಟಿಸಿದ ಕಲ್ಲು ಸೇತುವೆ, ಲೋಕದಲ್ಲಿ ಉಗಿ ಎಂಜಿನ್ ಹಳಿ ಮೇಲೆ ಓಡುವುದಕ್ಕೆ ಸುಮಾರು ಎಪ್ಪತ್ತು ವರ್ಷ ಮುಂಚಿನದು. ಎತ್ತಿನ ಗಾಡಿಗೆಂದು ಕಟ್ಟಿದ ಅದೇ ಕಮಾನುಗಳ ಮೇಲೆ ಆಮೇಲೆ ರೈಲೂ ಓಡಿತು, ಪಕ್ಕದಲ್ಲೇ ರಸ್ತೆಯೂ ಇತ್ತು. ನನ್ನದು ಫ್ರಿಜ್ಜಿನ ಜೊತೆ ಬಂದ ಥರ್ಮೋಕೋಲಿನದು, ಮೇಲೆ ಪಿ.ಓ.ಪಿ. ಲೇಪ. ರೈಲಿಗೆ ಕಾಯುವ ಜನರನ್ನು ಜರ್ಮನಿಯ ಪ್ರೈಸರ್ ಕಂಪನಿಯವರು ಎರಡು ಸೆಂಟಿಮೀಟರ್ ಎತ್ತರಕ್ಕೆ ಮಾಡುತ್ತಾರೆ. ಆದರೆ ಎಲ್ಲರೂ ಹ್ಯಾಟು ಕೋಟಿನ ದೊರೆಗಳು. ನಂಜನಗೂಡು ಸ್ಟೇಷನ್ನಿನಲ್ಲಿ ಹ್ಯಾಟು ಹಾಕಿದವರಿಗೇನು ಕೆಲಸ? ಉಗುರು ಉಜ್ಜುವ ಅರದಿಂದ ಒಬ್ಬೊಬ್ಬರ ಹ್ಯಾಟನ್ನೂ ತೇಯ್ದು ತೇಯ್ದು ನುಣ್ಣಗೆ ಬೋಳಿಸಿ, ಶ್ರೀಕಂಠೇಶ್ವರನಿಗೆ ಮುಡಿ ಕೊಟ್ಟು ಮೈಸೂರಿಗೆ ಹಿಂತಿರುಗುತ್ತಿರುವ ಭಕ್ತರನ್ನಾಗಿ ಮಾಡಿದೆ. ಬಿಳಿ ಬಣ್ಣ ಬಳಿದರೆ ಪ್ಯಾಂಟು ಪಂಚೆಯಾಗುತ್ತದೆ. ನಾಯಿಯ ಹಗ್ಗ ಹಿಡಿದು ನಿಂತಿದ್ದ ಒಬ್ಬ ಬರ್ಲಿನ್ ಯಜಮಾನ ಈಗ ರಸಬಾಳೆ ಗೊನೆ ಹಿಡಿದಿದ್ದಾನೆ.

ಇನ್ನು ಜಲ್ಲಿ. ಹಳಿಯ ಕೆಳಗೆ ಹಾಸುವ ಜಲ್ಲಿಯ ಗಾತ್ರ ನಮ್ಮ ರೈಲ್ವೆಯಲ್ಲಿ 20ರಿಂದ 65 ಮಿಲಿಮೀಟರ್. ಎಂಬತ್ತೇಳರಿಂದ ಭಾಗಿಸಿ. ದಪ್ಪ ಕಲ್ಲಿಗೆ ಮುಕ್ಕಾಲು ಮಿಲಿಮೀಟರ್, ಸಣ್ಣದಕ್ಕೆ ಕಾಲು. ಈ ಗಾತ್ರದ, ಮೂಲೆಗಳು ಚೂಪಾದ, ತಕ್ಕಮಟ್ಟಿಗೆ ಒಂದೇ ಸಮನಾದ ವಸ್ತು ಭೂಮಿಯ ಮೇಲೆ ಯಾವುದಿದೆ ಅಂತ ಯೋಚಿಸಿ ಯೋಚಿಸಿ, ಒಂದು ಬೆಳಿಗ್ಗೆ ಉಪ್ಪಿಟ್ಟು ತಿನ್ನುವಾಗ ಜ್ಞಾನೋದಯವಾಯಿತು. ತಟ್ಟೆ ಅಲ್ಲೇ ಬಿಟ್ಟು ದಿನಸಿ ಅಂಗಡಿಗೆ ಓಡಿದೆ.

“ರವೆ ಬೇಕಿತ್ತು.”

“ಯಾವ ರವೆ ಸಾರ್?”

“ಮುಕ್ಕಾಲು ಮಿಲಿಮೀಟರಿಂದು.”

ಅಂಗಡಿಯಾತ ಒಂದು ಕಾಲದಲ್ಲಿ ನನ್ನ ಶಿಷ್ಯ. ಮರುಮಾತಿಲ್ಲದೆ ಚೀಲಗಳ ಬಾಯಿ ಬಿಚ್ಚಿದ. ಚಿರೋಟಿ ರವೆಯನ್ನು ಬೆರಳಲ್ಲಿ ಉಜ್ಜಿ ನೋಡಿದೆ, ತೀರಾ ಪುಡಿ, ಮಳೆಗಾಲಕ್ಕೆ ಹಳಿ ಕುಸಿಯುತ್ತದೆ. ಇಡ್ಲಿ ರವೆ ನೋಡಿದೆ, ಒಂದೊಂದು ಕಾಳೂ ಚಾಮುಂಡಿ ಬೆಟ್ಟದಿಂದ ಉರುಳಿಬಂದ ಬಂಡೆ, ಎಂಜಿನ್ ಮಗುಚುತ್ತದೆ. ಬನ್ಸಿ ರವೆಗೆ ಬಂದಾಗ ಮೈ ಜುಮ್ಮೆಂದಿತು. ಜೇಬಿನಿಂದ ಸ್ಕೇಲು ತೆಗೆದು, ಹತ್ತು ಕಾಳನ್ನು ಸಾಲಾಗಿ ಕೌಂಟರಿನ ಮೇಲೆ ಜೋಡಿಸಿ ಅಳೆದೆ. ಹಿಂದೆ ಎಣ್ಣೆಗೆ ಬಂದ ಹೆಂಗಸೊಬ್ಬರು ಪಕ್ಕದವರಿಗೆ, “ಪಾಪ, ಪಾಠ ಮಾಡ್ತಾ ಇದ್ರಲ್ಲ, ಅವ್ರೇ” ಅಂದದ್ದು ಕೇಳಿಸಿತು. ಕೇಳಿಸಲಿ. ಹತ್ತು ಕಾಳು ಸೇರಿ ಏಳು ಮಿಲಿಮೀಟರ್! ಎರಡು ಕೆ.ಜಿ. ಕಟ್ಟಿಸಿದೆ. ಮನೆಗೆ ತಂದು, ಕಪ್ಪು ಬಣ್ಣದ ನೀರಲ್ಲಿ ನೆನೆಸಿ, ತಾರಸಿಯಲ್ಲಿ ಒಣಗಿಸಿ, ಹಳಿ ಉದ್ದಕ್ಕೂ ಚಮಚದಲ್ಲಿ ಸುರಿದು, ಹಳೆಯ ಟೂತ್‌ಬ್ರಷ್ಷಿನಿಂದ ಸರಿಪಡಿಸಿ, ನೀರು ಬೆರೆಸಿದ ಫೆವಿಕಾಲನ್ನು ಡ್ರಾಪರಿನಿಂದ ತೊಟ್ಟು ತೊಟ್ಟಾಗಿ ಬಿಟ್ಟೆ. ಕಡಕೊಳದಿಂದ ತಾಂಡವಪುರದವರೆಗೆ ಅಂಥ ಹಾಸು ಸಾಕ್ಷಾತ್ ಮೈಸೂರು ಸಂಸ್ಥಾನದ ಕಾಲದಲ್ಲೂ ಇದ್ದಿರಲಿಕ್ಕಿಲ್ಲ.

ಆ ಭಾನುವಾರ ಸಭೆ ನಮ್ಮ ಮನೆಯಲ್ಲಿ. ನಾಲ್ವರ ಜೊತೆಗೆ ನನ್ನಾಕೆಯ ಕಡೆಯ ಒಬ್ಬರು ನೆಂಟರೂ ಬೆಂಗಳೂರಿನಿಂದ ಬಂದಿದ್ದರು, ಹ್ಯಾಂಬರ್ಗಿನ ಮಿನಿಯೇಚರ್ ವಂಡರ್‌ಲ್ಯಾಂಡ್ ನೋಡಿಬಂದವರು. ಪ್ರತಿ ಎರಡು ನಿಮಿಷಕ್ಕೆ “ಅಲ್ಲಿ ವಿಮಾನನೂ ಹಾರುತ್ತೆ” ಅನ್ನುತ್ತಿದ್ದರು. ಜೊತೆಗೆ “ಎಷ್ಟಾಯ್ತು ಇದಕ್ಕೆಲ್ಲ?” ಬೇರೆ. ಸಂಗೀತ ಕೇಳಲು ಹೋದವನನ್ನು ಯಾರೂ ಹೀಗೆ ಕೇಳುವುದಿಲ್ಲ. ಚಿನ್ನ ಕೊಂಡವನನ್ನು ಕೇಳಿದರೆ ಹೆಮ್ಮೆಯಿಂದ ಹೇಳುತ್ತಾನೆ. ರೈಲು ಕಟ್ಟಿದವನು ಮಾತ್ರ ಲೆಕ್ಕ ಒಪ್ಪಿಸಬೇಕು.

ರೈಲು ಮೈಸೂರು ಬಿಟ್ಟಿತು. ಕಡಕೊಳ ದಾಟಿತು. ಅಷ್ಟರಲ್ಲಿ ತಾಂಡವಪುರದ ಹುಡುಗ ಬಗ್ಗಿ ನೋಡಿ, “ಸಾರ್, ಟ್ರ್ಯಾಕ್ ನಡೀತಾ ಇದೆ” ಅಂದ. ನಿಜ. ಎಡಗಡೆಯ ಜಲ್ಲಿ ಪೂರ್ತಿಗೆ ಪೂರ್ತಿ ಮೆಲ್ಲಗೆ ಗೋಡೆಯ ಕಡೆಗೆ ಸರಿಯುತ್ತಿತ್ತು. ಇರುವೆ! ಕೆಂಪಿರುವೆಗಳು, ಒಂದೊಂದರ ಬಾಯಲ್ಲೂ ಒಂದೊಂದು ಜಲ್ಲಿಕಲ್ಲು. ಅಂಟು ಹಿಡಿದಿದ್ದನ್ನೂ ಕಡಿದು ಬಿಡಿಸುತ್ತಿದ್ದವು. ಮೂರು ಮಿಲಿಮೀಟರ್ ಇರುವೆಯನ್ನು ಎಂಬತ್ತೇಳರಿಂದ ಗುಣಿಸಿದರೆ 26 ಸೆಂಟಿಮೀಟರ್, ಅಂದರೆ ಹೆಗ್ಗಣದ ಗಾತ್ರ. ಕಣ್ಮುಚ್ಚಿ ಕಲ್ಪಿಸಿಕೊಳ್ಳಿ: ಕಡಕೊಳದ ಹೊರವಲಯದಲ್ಲಿ ನೂರಾರು ಹೆಗ್ಗಣಗಳು ಶಿಸ್ತಾಗಿ ಸಾಲುಗಟ್ಟಿ ರೈಲ್ವೆ ಇಲಾಖೆಯ ಜಲ್ಲಿ ಸಾಗಿಸುತ್ತಿವೆ, ಬೋಳುತಲೆಯ ಜರ್ಮನ್ ಭಕ್ತರು ನಿಂತು ನೋಡುತ್ತಿದ್ದಾರೆ. ನಾನು ವೇಗಮಿತಿ ಘೋಷಿಸಿ ರೈಲು ನಿಧಾನ ಮಾಡಿಸಿದೆ. ಜವಳಿಯವನು ಲಕ್ಷ್ಮಣರೇಖೆ ಎಳೆಯಿರಿ ಅಂದ. ನಾನು ಒಪ್ಪಲಿಲ್ಲ. ಆ ಬಿಳಿ ಗೆರೆ ಅಳತೆಗೆ ಹಿಡಿದರೆ ಒಂದೂವರೆ ಅಡಿ ಅಗಲದ ಸುಣ್ಣದ ಪಟ್ಟಿಯಾಗುತ್ತದೆ, ಹೊರಗಡೆ ಹಳಿ ಪಕ್ಕ ಅಂಥದ್ದೇನೂ ಇಲ್ಲ. ಬೆಂಗಳೂರಿನ ನೆಂಟರು ಮೊದಲ ಬಾರಿಗೆ ಮೊಬೈಲು ಹೊರತೆಗೆದು ವಿಡಿಯೊ ಹಿಡಿದರು. “ಹ್ಯಾಂಬರ್ಗಲ್ಲಿ ಇದಿರಲಿಲ್ಲ” ಅಂದರು. ಅಡುಗೆಮನೆಯಿಂದ ನನ್ನಾಕೆಯ ಧ್ವನಿ: “ಬನ್ಸಿ ರವೆ ಹುರೀದೆ ಇಟ್ರೆ ಹುಳ ಇರುವೆ ಬರುತ್ತೆ ಅಂತ ಯಾರಿಗೆ ಗೊತ್ತಿಲ್ಲ?” ಈಗಲೂ ನಾನು ಹೇಳುವುದಿಷ್ಟೇ, ಗಾತ್ರ ಸರಿಯಾಗಿತ್ತು.

ನಗು ನಿಲ್ಲುವ ಹೊತ್ತಿಗೆ ಕವಲಂದೆಯವರು ಬಾಯಿ ಬಿಟ್ಟರು. “ಸಾರ್, ನಿಮ್ ಹಳೀಲಿ ಕೆಲಸ ಮಾಡ್ತಿರೋದು ಈ ಇರುವೆಗಳು ಮಾತ್ರ. ಮನುಷ್ಯರು ಯಾರೂ ಇಲ್ಲ.” ಅವರ ತಂದೆ ಇದೇ ಮಾರ್ಗದಲ್ಲಿ ಕೀಮ್ಯಾನ್ ಆಗಿದ್ದವರಂತೆ. ಬಿಸಿಲು ಮಳೆ ಅನ್ನದೆ ದಿನವೂ ತನ್ನ ಪಾಲಿನ ಹಳಿ ಉದ್ದಕ್ಕೂ ನಡೆದು, ಸಡಿಲವಾದ ಕೀಲಿಗಳನ್ನು ಸುತ್ತಿಗೆಯಿಂದ ಬಡಿದು ಕೂರಿಸಿ, ಕೆಂಪು ಬಾವುಟ ಹಸಿರು ಬಾವುಟ ಕಂಕುಳಲ್ಲಿಟ್ಟುಕೊಂಡು ಹಿಂತಿರುಗುವ ಕೆಲಸ. ಹಳಿ ಮೇಲೆ ನಡೆದೂ ನಡೆದೂ ಮಲಗಿದಾಗಲೂ ಕಾಲು ಜಲ್ಲಿ ತುಳಿದ ಹಾಗೆ ಎಳೆಯುತ್ತಿತ್ತಂತೆ. ನನ್ನ ನಂಜನಗೂಡಿನಲ್ಲಿ ಬಾಳೆಗೊನೆ ಇದೆ, ತಲೆ ಬೋಳಿಸಿಕೊಂಡವರಿದ್ದಾರೆ, ಕಾಫಿ ಮಾರುವವನಿದ್ದಾನೆ, ನೀರಿನ ಟ್ಯಾಂಕಿನ ಮೇಲೆ ಕಾಗೆ ಕೂಡ ಇದೆ. ಹಳಿ ಕಾಯುವವನಿಗೆ ನಾನು ಜಾಗ ಮಾಡಿರಲಿಲ್ಲ. ಯಾರೂ ಏನೂ ಅನ್ನಲಿಲ್ಲ. ನೆಂಟರು ಕೂಡ ಹ್ಯಾಂಬರ್ಗ್ ಅನ್ನಲಿಲ್ಲ. ಮಾರನೆಯ ವಾರ ಕವಲಂದೆಯವರೇ ತಾಮ್ರದ ತಂತಿಯಿಂದ ಒಬ್ಬನನ್ನು ಮಾಡಿ ತಂದು ಸೇತುವೆಯ ತುದಿಯಲ್ಲಿ ನಿಲ್ಲಿಸಿದರು. ಸುತ್ತಿಗೆ ಎಷ್ಟು ಸಣ್ಣದೆಂದರೆ ನನಗೆ ಕನ್ನಡಕದಲ್ಲೂ ಕಾಣುವುದಿಲ್ಲ. ಇದೆ ಅಂತ ಅವರು ಹೇಳುತ್ತಾರೆ, ಇರುತ್ತದೆ.

ಜವಳಿಯವನ ವಿಷಯ ಬೇರೆ. ಟಿ. ನರಸೀಪುರಕ್ಕೆ ರೈಲಿಲ್ಲ. ಪಕ್ಕದ ನಂಜನಗೂಡಿಗೆ 1891ರಿಂದ ಇದೆ, ಚಾಮರಾಜನಗರಕ್ಕೂ 1926ರಲ್ಲಿ ಹೋಯಿತು. ಗುಂಜಾ ನರಸಿಂಹಸ್ವಾಮಿಯ ಊರು ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಅಂತ ಅಲ್ಲಿಯವರ ನಂಬಿಕೆ. “ಕಾಶಿಗೆ ಎಷ್ಟು ರೈಲಿದೆ ಗೊತ್ತಾ? ನಮಗೊಂದು ಬೇಡ್ವಾ?” ಅಂತ ಅವನ ವಾದ. ಸರ್ಕಾರವನ್ನು ಕಾಯದೆ ಅಂಗಡಿಯ ಮಹಡಿ ಮೇಲೆ ತಾನೇ ಹಾಕಿಕೊಂಡಿದ್ದಾನೆ. ಅದೂ ಬರೀ ಸ್ಟೇಷನ್ ಅಲ್ಲ, ಹಳದಿ ಫಲಕದ ಮೇಲೆ ‘ತಿರುಮಕೂಡಲು ನರಸೀಪುರ ಜಂಕ್ಷನ್’. ಜಂಕ್ಷನ್ ಯಾಕಪ್ಪಾ ಅಂದರೆ, “ತ್ರಿವೇಣಿ ಸಂಗಮ ಅಲ್ವೇ? ಮೂರು ನದಿ, ಮೂರು ಲೈನು.” ಕಾವೇರಿ ಲೈನು ತಲಕಾಡಿನ ಕಡೆಗೆ, ಕಪಿಲಾ ಲೈನು ನಂಜನಗೂಡಿನ ಕಡೆಗೆ. ಮೂರನೆಯದು ಸ್ಫಟಿಕ ಸರೋವರದ ಲೈನು. ಆ ನದಿ ಗುಪ್ತಗಾಮಿನಿಯಾದ್ದರಿಂದ ಲೈನೂ ಗುಪ್ತ. ಪ್ಲಾಟ್‌ಫಾರಂ ಇದೆ, ಸಿಗ್ನಲ್ ಇದೆ, ಬೆಂಚಿನ ಮೇಲೆ ಪ್ರಯಾಣಿಕರಿದ್ದಾರೆ, ಹಳಿ ಇಲ್ಲ. “ದುಡ್ಡು ಸಾಲದೇ ಬಂತಾ?” ಅಂತ ಕೇಳಿದ್ದಕ್ಕೆ, “ಭಕ್ತಿ ಇದ್ದೋರಿಗೆ ಕಾಣುತ್ತೆ ಮೇಷ್ಟ್ರೇ” ಅಂದ. ಗೇಜಿನ ತಕರಾರೂ ಆ ಲೈನಿನಲ್ಲಿ ಏಳುವುದಿಲ್ಲ. ಈ ಮನುಷ್ಯನ ಎದುರು ನಾನು ಲೆಕ್ಕದಲ್ಲೂ ಸೋತೆ.

ಕೊನೆಗೆ ಓದುಗರಲ್ಲಿ ಒಂದು ಕೋರಿಕೆ. ಹಳೆಯ ಸೇತುವೆಯ ಮೇಲೆ ರೈಲು ಓಡುತ್ತಿದ್ದ ಮೀಟರ್ ಗೇಜ್ ಕಾಲದಲ್ಲಿ ನಂಜನಗೂಡು, ಕಡಕೊಳ, ಕವಲಂದೆ ಸ್ಟೇಷನ್ನುಗಳ ಮುಂದೆ ನಿಂತು ಯಾರಾದರೂ ಮದುವೆ ದಿಬ್ಬಣದ್ದೋ, ದೊಡ್ಡ ಜಾತ್ರೆಗೆ ಬಂದದ್ದೋ ಫೋಟೊ ತೆಗೆಸಿಕೊಂಡಿದ್ದರೆ ದಯವಿಟ್ಟು ಹುಡುಕಿ ತೋರಿಸಿ. ಆ ಕಾಲದ ದಪ್ಪ ರಟ್ಟಿನ ಟಿಕೆಟ್ ಇದ್ದರೂ ಆದೀತು. ಮದುಮಕ್ಕಳ ಮುಖ ನಮಗೆ ಬೇಕಿಲ್ಲ, ಹಿಂದಿನ ಗೋಡೆಯ ಬಣ್ಣ, ದೀಪದ ಕಂಬ, ಬಾಗಿಲು ಯಾವ ಕಡೆಗೆ ತೆರೆಯುತ್ತಿತ್ತು ಅನ್ನುವುದು ಕಂಡರೆ ಸಾಕು. ಚಿತ್ರದ ಮೂಲೆಯಲ್ಲಿ ಸುತ್ತಿಗೆ ಹಿಡಿದ ಒಬ್ಬಾತ ನಿಂತಿದ್ದರಂತೂ ಅದನ್ನು ಮೊದಲು ಕಳಿಸಿ.