ನಾನಾ ವರ್ಣದ ಕಚೇರಿ

ರಾಯರು: ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು 1950ರಲ್ಲಿಯೇ ನಿಷೇಧಿಸಿದ ಮೇಲೆ, ನಮ್ಮ ಕಚೇರಿಯಲ್ಲಿ ಭೇದವೆಂಬುದಕ್ಕೆ ಆಸ್ಪದವೆಲ್ಲಿಯದಯ್ಯ, ಸಿದ್ದ?

ಸಿದ್ದ: ದಿಟ ಬುದ್ಧಿ, ನನ್ನ ಲೋಟವನ್ನು ಯಾರೂ ಮುಟ್ಟದಂತೆ ಕಿಟಕಿಯಲ್ಲಿ ಎಷ್ಟು ಗೌರವದಿಂದ ಬೇರೆ ಇರಿಸಿದ್ದೀರಿ!

ರಾಯರು: 2016ರ ಅಧಿನಿಯಮವನ್ನನುಸರಿಸಿ ಅಂಗವಿಕಲರಿಗೆ ಶೇಕಡಾ 4ರಷ್ಟು ಹುದ್ದೆಗಳನ್ನು ಮೀಸಲಿರಿಸಿ, ಸಂದರ್ಶನಕ್ಕೆ ಸಾದರವಾಗಿ ಆಹ್ವಾನಿಸಿದರೂ, ಒಬ್ಬರೂ ಮೇಲೆ ಬರಲಿಲ್ಲವಲ್ಲ!

ಸಿದ್ದ: ಗಾಲಿಕುರ್ಚಿಯವರು ಕೆಳಗೇ ಕಾದಿದ್ದರು ಬುದ್ಧಿ. ಕಾನೂನು ಮೀಸಲಿಟ್ಟಿತು, ಕಚೇರಿ ಮೆಟ್ಟಿಲಿಟ್ಟಿತು.

ರಾಯರು: ಸ್ತ್ರೀಯರಲ್ಲಿಯೂ ನಮಗೆ ಸಮದೃಷ್ಟಿಯೇ, ವಿವಾಹ ಯಾವಾಗ, ಮಕ್ಕಳೆಷ್ಟು ಎಂದು ಸಂದರ್ಶನದಲ್ಲಿ ವಿಚಾರಿಸುವುದು ಕೇವಲ ವಾತ್ಸಲ್ಯದಿಂದ.

ಸಿದ್ದ: ಪಾಪ, ಗಂಡಸರಿಗೆ ಆ ವಾತ್ಸಲ್ಯ ದೊರೆಯುವುದೇ ಇಲ್ಲ!

ರಾಯರು: ಸಂಜೆಯ ವೈವಿಧ್ಯೋತ್ಸವದಲ್ಲಿ ನಾವೆಲ್ಲ ನಾನಾ ವರ್ಣದ ಪೇಟಗಳನ್ನು ಧರಿಸಿ ವೇದಿಕೆಯನ್ನೇರುವೆವು.

ಸಿದ್ದ: ನಾನಾ ವರ್ಣ ಪೇಟಗಳಿಗೆ ಮಾತ್ರ, ಕೆಳಗಿನ ತಲೆಗಳಿಗೆಲ್ಲ ಒಂದೇ ವರ್ಣ, ಬುದ್ಧಿ.