ಕೌದಿ ಗ್ವಾಡಿ ಏರಿತು

ಕಲೆಯ ಮೇಲೆ ನಮ್ಮ ಮನೆಯಲ್ಲಿ ಯಾರಿಗೂ ಸಿಟ್ಟಿಲ್ಲ. ಗೋಡೆಯ ಬಗ್ಗೆ ಮಾತ್ರ ಒಂದು ಖಚಿತ ನಿಲುವಿದೆ. ಗೋಡೆ ಇರುವುದು ದೇವರ ಫೋಟೋಕ್ಕೆ, ತೀರಿಕೊಂಡವರ ಫೋಟೋಕ್ಕೆ, ಕಿರಾಣಿ ಅಂಗಡಿಯವರು ಕೊಟ್ಟ ಕ್ಯಾಲೆಂಡರಿಗೆ. ಹಾಸುವ, ಹೊದೆಯುವ ವಸ್ತು ಗೋಡೆ ಏರಿತೆಂದರೆ ರಾತ್ರಿ ಯಾವುದೋ ಕೂಸು ತನ್ನ ಕೆಲಸ ಮಾಡಿದೆ, ಅದನ್ನು ಒಣಗಲು ಹಾಕಿದ್ದಾರೆ ಅಂತಲೇ ಅರ್ಥ.

ಹೀಗಿರುವಾಗ ಮೂಡಲಗಿಯ ನನ್ನ ಅಕ್ಕನ ಮಗಳು ಧಾರವಾಡದಲ್ಲಿ ಚಿತ್ರಕಲೆ ಓದಿ ಬಂದಳು. ಓದಿದವರು ನೌಕರಿ ಹುಡುಕುತ್ತಾರೆ. ಈಕೆ ನಮ್ಮ ಹಾಸಿಗೆ ಹುಡುಕಿದಳು.

“ಚಿಗವ್ವಾ, ಗೋಕಾಕದಾಗ ಒಂದು ಗ್ಯಾಲರಿ ಸಿಕ್ಕೈತಿ. ಬಟ್ಟಿ, ನೂಲು, ಉಣ್ಣಿ, ಹಗ್ಗ, ಇಂಥಾದ್ರಾಗ ಕೆಲಸ ಮಾಡಾವ್ರೆಲ್ಲಾ ಕೂಡಿ ಪ್ರದರ್ಶನ ಮಾಡೂದು. ಗೋಕಾಕ, ಮೂಡಲಗಿ, ಹುಕ್ಕೇರಿ, ಮೂರೂ ತಾಲೂಕಿನವ್ರು. ನಿಮ್ಮನಿ ಆಯಿ ಕೌದಿ ಬೇಕ ಬೇಕು.”

“ಆಯೀದಷ್ಟ ಏನ?” ಅಂದೆ. ಧ್ವನಿ ಆದಷ್ಟು ಸಹಜವಾಗಿರಲೆಂದು ನೋಡಿಕೊಂಡೆ.

“ನೀನೂ ಏನರ ಮಾಡ್ತಿಯೇನ?” ಎಂದು ಆಕೆ ಕೇಳಿದ ರೀತಿಯಲ್ಲಿ ಕುತೂಹಲಕ್ಕಿಂತ ಗಾಬರಿ ಹೆಚ್ಚಿತ್ತು.

ಗ್ಯಾಲರಿ ಅಂದರೆ ಕೆಳಗೆ ಗೊಬ್ಬರದ ಅಂಗಡಿ, ಮೇಲೆ ಸುಣ್ಣ ಹೊಡೆದ ಉದ್ದನೆಯ ಖೋಲಿ. ಯೂರಿಯಾದ ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು. ಆದರೂ ಅಲ್ಲಿ ಮೂಲೆ ಮೂಲೆಗೆ ದೀಪ ಇತ್ತು. ನಮ್ಮ ಅತ್ತೆಯ ಕೌದಿ ಹಗಲು ಹೊತ್ತಿನಲ್ಲೂ ಇಷ್ಟು ಬೆಳಕು ಕಂಡಿದ್ದಲ್ಲ. ಮುಂದೆ ನಡೆದ ಅನಾಹುತಕ್ಕೆಲ್ಲ ಆ ದೀಪಗಳೇ ಕಾರಣ, ಅದನ್ನು ಆಮೇಲೆ ಹೇಳುತ್ತೇನೆ.

ಅತ್ತೆಯ ಕೌದಿ ಇಂಥ ವರ್ಷ ಹುಟ್ಟಿತು ಅಂತ ಹೇಳಲಾಗದು. ಹಳೆಯದು ಸವೆದಂತೆ ಅದನ್ನೇ ಒಳಗಿನ ಪದರು ಮಾಡಿ, ಮೇಲೆ ಹೊಸ ತ್ಯಾಪಿ ಹಚ್ಚುತ್ತ ಬಂದಿದ್ದಾರೆ. ಎಲ್ಲಕ್ಕಿಂತ ಒಳಗೆ ನಮ್ಮ ಮಾವನವರ ಖಾಕಿ ಅಂಗಿಗಳಿವೆ. ಅವರು ಗೋಕಾಕ ಜಲಪಾತದ ಹತ್ತಿರದ ಗಿರಣಿಯಲ್ಲಿದ್ದವರು. ಘಟಪ್ರಭಾ ನದಿ 170 ಅಡಿ ಮೇಲಿಂದ ಬೀಳುವುದನ್ನು ಕವಿಗಳು ಬಂದು ನೋಡಿ ಹೋಗುತ್ತಾರೆ. ಗಿರಣಿ ಕಟ್ಟಿದವರು ಅದೇ ನೀರಿನ ಬಲವನ್ನು 1887ರಲ್ಲೇ ನೂಲು ತೆಗೆಯಲು ಹಚ್ಚಿದರು. ಆ ಅಂಗಿಗಳ ಮೇಲೆ ಮಾವನವರ ಧೋತರ, ಅದರ ಮೇಲೆ ನನ್ನ ಗಂಡನ ಸಾಲಿ ಚಡ್ಡಿ, ಅದರ ಮೇಲೆ ಸೀರೆಗಳು. ಅತ್ತೆ ನೆಲದ ಮೇಲೆ ಹಾಸಿ, ಅದರ ಮೇಲೆಯೇ ಕುಂತು, ಅಂಚಿನಿಂದ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ಒಂದು ಮೂಲೆ ಮುಚ್ಚುವ ಮುಂಚೆ ಹೋಳಿಗೆಯ ಒಂದು ಚೂರು ಒಳಗಿಟ್ಟು ಹೊಲಿಯುತ್ತಾರೆ. ಕೌದಿಯ ಹೊಟ್ಟೆ ಖಾಲಿ ಇದ್ದರೆ ಹೊದ್ದವರ ಹೊಟ್ಟೆಯೂ ಖಾಲಿ ಎಂಬುದು ಅವರ ಲೆಕ್ಕ.

ಇಂಥ ಹೆಂಗಸನ್ನು ಒಪ್ಪಿಸಲು ನಮ್ಮ ಹುಡುಗಿ ದೇಶಾಂತರದ ಸಾಕ್ಷಿಗಳನ್ನು ತಂದಳು. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳು ಹೊಲಿದ ಕೌದಿಗಳು 2011ರಲ್ಲಿ ನ್ಯೂಯಾರ್ಕಿನಲ್ಲಿ ಪ್ರದರ್ಶನ ಕಂಡವು ಅಂದಳು. ಅವರು ನಾಲ್ಕೂ ಮೂಲೆಗೆ ಬಟ್ಟೆ ಮಡಚಿ ಹೂವು ಇಡುವುದನ್ನು ಫೋನಿನಲ್ಲಿ ತೋರಿಸಿದಳು. ಅತ್ತೆ ಕನ್ನಡಕ ಏರಿಸಿ ನೋಡಿ, “ಮೂಲಿ ಛಲೋ ಹಿಡದಾರ” ಎಂದು ಒಪ್ಪಿದರು. ನ್ಯೂಯಾರ್ಕನ್ನು ಗಣನೆಗೆ ತೆಗೆದುಕೊಳ್ಳಲಿಲ್ಲ. ಆಮೇಲೆ ಹುಡುಗಿ ಅಮೆರಿಕದ ಅಲಬಾಮಾದಲ್ಲಿ ಜೀಸ್ ಬೆಂಡ್ ಎಂಬ ಊರಿದೆ, ಅಲ್ಲಿನ ಬಡ ಕರಿಯ ಹೆಂಗಸರು ಹೊಲಕ್ಕೆ ಹಾಕಿಕೊಂಡು ಹೋಗುವ ಹಳೆಯ ಪ್ಯಾಂಟುಗಳನ್ನು ಹರಿದು ಚಳಿಗೆಂದು ಹೊಲಿದ ಕೌದಿಗಳನ್ನು 2002ರಲ್ಲಿ ವಿಟ್ನಿ ಮ್ಯೂಸಿಯಮ್ಮಿನಲ್ಲಿ ತೂಗುಹಾಕಿದರು, 2006ರಲ್ಲಿ ಅವುಗಳ ಅಂಚೆಚೀಟಿಯನ್ನೂ ತಂದರು ಎಂದಳು.

“ಟಪಾಲ ಚೀಟಿ ಮ್ಯಾಲ ಕೌದಿ?” ಅತ್ತೆ ಕೇಳಿದರು. “ಹಂಗಾದ್ರ ಅದಕ್ಕ ನಾಲಿಗಿ ಹಚ್ಚತಾರೇನ?”

ನನ್ನ ಕಲಾಕೃತಿಗೂ ಇತಿಹಾಸ ಇಲ್ಲದಿಲ್ಲ. ಮದುವೆಗೆ ಮುಂಚೆ ಕಸೂತಿ ಕಲಿಯಲು ಹೋಗಿದ್ದೆ. ಗಂಡಿನ ಕಡೆಯವರು ಬಂದಾಗ ‘ಹುಡುಗಿ ಕಸೂತಿ ಹಾಕತಾಳ’ ಎಂದು ಹೇಳಲು ಎಷ್ಟು ಬೇಕೋ ಅಷ್ಟೇ ಕಲಿತೆ. ಮದುವೆ ಗಟ್ಟಿಯಾದ ದಿನ ಸೂಜಿ ಇಟ್ಟೆ. ಕಸೂತಿಯ ನಿಯಮ ಬಿಗಿ: ಬರೆದುಕೊಳ್ಳುವಂತಿಲ್ಲ, ಎಳೆ ಎಣಿಸಬೇಕು, ಗಂಟು ಹಾಕಬಾರದು. ಗವಂತಿ ಹೊಲಿಗೆಯಲ್ಲಂತೂ ಮುಂದೆ ಹೇಗೋ ಹಿಂದೆಯೂ ಹಾಗೇ ಕಾಣಬೇಕು. ನನ್ನದರಲ್ಲಿ ಮುಂದೆ ಒಂದು ಆನೆ ಇದೆ. ಸೊಂಡಿಲೆಂದು ಹೊಲಿಯಲು ಹೊರಟದ್ದು ಎಳೆಯ ಲೆಕ್ಕ ತಪ್ಪಿ ಐದನೆಯ ಕಾಲಾಗಿದೆ. ಹಿಂದೆ ತಿರುಗಿಸಿದರೆ ಗೋಕಾಕದ ಸಂತೆ ಎದ್ದು ಹೋದ ಮೇಲಿನ ಬಯಲಿನಂತಿದೆ. ಹುಡುಗಿ ಅದನ್ನು ಟ್ರಂಕಿನಿಂದ ತೆಗೆದು ಒಮ್ಮೆ ಮುಂದೆ ನೋಡಿದಳು, ಒಮ್ಮೆ ಹಿಂದೆ ನೋಡಿದಳು, ಬಹಳ ಹೊತ್ತು ಸುಮ್ಮನಿದ್ದಳು.

“ಇದನ್ನ ಉಲ್ಟಾ ತೂಗಹಾಕೂಣು” ಅಂದಳು. “ಹಿಂದಿನ ಬಾಜೂ ಪ್ರಾಮಾಣಿಕ ಐತಿ.”

ಇಷ್ಟು ವರ್ಷದ ಸಂಸಾರದಲ್ಲಿ ನನ್ನ ಕೈಕೆಲಸಕ್ಕೆ ಪ್ರಾಮಾಣಿಕ ಎಂಬ ಮಾತು ಯಾರೂ ಆಡಿರಲಿಲ್ಲ. ನಾನು ಅಂದೇ ಕಲಾವಿದೆಯಾದೆ. ಮರುದಿನದಿಂದ ಕೊರಳಿಗೆ ಟೆರಾಕೋಟಾ ಸರ. ಸಾರಿಗೆ ಉಪ್ಪು ಹೆಚ್ಚಾದರೆ ‘ಇದೂ ಒಂದು ಅಭಿವ್ಯಕ್ತಿ’ ಎನ್ನತೊಡಗಿದೆ. ಇವರು ಒಂದು ದಿನ ಸುಮ್ಮನೆ ಉಂಡರು, ಎರಡನೆಯ ದಿನ ಅಭಿವ್ಯಕ್ತಿಯನ್ನು ಹಾಗೇ ತಾಟಿನಲ್ಲಿ ಬಿಟ್ಟು ಎದ್ದರು.

ಮೂಡಲಗಿಯಿಂದ ಬಂದ ಕಲಾವಿದರು ನಮ್ಮ ಭಾವ. ಅವರನ್ನು ಯಾರೂ ಕರೆದಿರಲಿಲ್ಲ. ಮಗಳು ಮನೆಯಲ್ಲಿ ಕುಂತು ಮೃಣಾಲಿನಿ ಮುಖರ್ಜಿಯವರ ಶಿಲ್ಪಗಳ ಚಿತ್ರ ನೋಡುತ್ತಿದ್ದಳಂತೆ. ಸೆಣಬಿನ ಹಗ್ಗವನ್ನು ಗಂಟು ಹಾಕಿ ಹಾಕಿಯೇ ಆಳೆತ್ತರದ ದೇವತೆಗಳನ್ನು ಮಾಡಿದವರು ಅವರು; ತೀರಿಕೊಂಡು ನಾಲ್ಕು ವರ್ಷದ ಮೇಲೆ, 2019ರಲ್ಲಿ, ನ್ಯೂಯಾರ್ಕಿನ ಮೆಟ್ ಬ್ರೂಯರ್‌ನಲ್ಲಿ ಅವರ ದೊಡ್ಡ ಪ್ರದರ್ಶನ ಆಯಿತು. ಭಾವ ಹಿಂದಿನಿಂದ ಬಗ್ಗಿ ನೋಡಿ, “ಇಷ್ಟು ಹಗ್ಗದಾಗ ನಾಕ ಎಮ್ಮಿ ಕಟ್ಟಬಹುದಿತ್ತು” ಎಂದರು. ರಾತ್ರಿಯೆಲ್ಲ ಯೋಚಿಸಿದರೆಂದು ಕಾಣುತ್ತದೆ. ಬೆಳಿಗ್ಗೆ ಎತ್ತುಗಳ ಮಗಡ, ಗೊಂಡೆ, ಕೊರಳಪಟ್ಟಿ, ಬಣ್ಣದ ಹಗ್ಗ ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ಬಸ್ಸು ಹತ್ತಿದರು. ಅವರ ಅಪ್ಪನೇ ಕುಂತು ಹೊಸೆದ, ಕಾರಹುಣ್ಣಿಮೆಗೊಮ್ಮೆ ಹೊರಗೆ ಬರುವ ವಸ್ತುಗಳು. ನಿಜ ಹೇಳಬೇಕೆಂದರೆ ಇಡೀ ಪ್ರದರ್ಶನದಲ್ಲಿ ಅವಕ್ಕಿಂತ ಚೆಂದದ್ದು ಇರಲಿಲ್ಲ. ಗದ್ದಲವಾದದ್ದು ಚೀಟಿಯ ಮೇಲೆ. ಯಾರೋ ಹಳೆಯ ರೂಢಿಯಂತೆ ‘ಮೂಡಲಗಿ, ಗೋಕಾಕ ತಾಲೂಕು’ ಎಂದು ಟೈಪ್ ಮಾಡಿದ್ದರು.

“ಹೋರಾಟ ಮಾಡಿ ತಾಲೂಕ ತಗೊಂಡೇವಿ ನಾವು!” ಭಾವ ಮಗಡ ಕೈಯಲ್ಲಿ ಹಿಡಿದು ನಿಂತರು. “ಚೀಟಿ ತಿದ್ದೂ ಮಟ ನನ್ನ ಎತ್ತು ಗ್ವಾಡಿ ಏರೂದಿಲ್ಲ.”

ಎತ್ತು ತಂದಿಲ್ಲ, ಬರೀ ಅದರ ಆಭರಣ ತಂದಿದ್ದೀರಿ ಎಂದು ನೆನಪಿಸುವ ಧೈರ್ಯ ಯಾರಿಗೂ ಬರಲಿಲ್ಲ. ಚೀಟಿ ತಿದ್ದಿದರು.

ಹುಕ್ಕೇರಿಯ ತೊಡಕು ಬೇರೆ ಥರದ್ದು. ಅಲ್ಲಿ ನನ್ನ ನೆಗೆಣ್ಣಿ ಇದ್ದಾಳೆ, ಇವರ ಅಣ್ಣನ ಹೆಂಡತಿ. ಹುಕ್ಕೇರಿಯವರು ಏನನ್ನೂ ಒಬ್ಬರೇ ಮಾಡುವುದಿಲ್ಲ. 1969ರಲ್ಲೇ ಸಹಕಾರಿ ಸಂಘ ಕಟ್ಟಿಕೊಂಡು ಹಳ್ಳಿ ಹಳ್ಳಿಗೆ ಕರೆಂಟು ಹಂಚಿದ ತಾಲೂಕು ಅದು. ಚಂದ್ರಶೇಖರ ಕಂಬಾರರು ಹುಟ್ಟಿದ ಘೋಡಗೇರಿಯೂ ಅದೇ ತಾಲೂಕಿನದು. ಜ್ಞಾನಪೀಠವನ್ನು ಮಾತ್ರ ಅವರು ಹ್ಯಾಗೆ ಒಬ್ಬರೇ ತಗೊಂಡರೋ ತಿಳಿಯದು. ನೆಗೆಣ್ಣಿ ತನ್ನ ಓಣಿಯ ಸಂಘದ ಹೆಂಗಸರನ್ನೆಲ್ಲ ಸೇರಿಸಿ ಒಂದೇ ಕೌದಿ ಹೊಲಿಸಿದ್ದಳು. ಚೀಟಿಯಲ್ಲಿ ಎಲ್ಲರ ಹೆಸರೂ ಬರಬೇಕು, ಸೂಜಿಗೆ ದಾರ ಪೋಣಿಸಿಕೊಟ್ಟವರದೂ ಬರಬೇಕು ಎಂದು ಹಟ ಹಿಡಿದಳು. ಕೊನೆಗೆ ಚೀಟಿ ಕೌದಿಗಿಂತ ಉದ್ದವಾಗಿ, ಅದಕ್ಕೇ ಪ್ರತ್ಯೇಕ ಮೊಳೆ ಹೊಡೆಯಬೇಕಾಯಿತು.

ಅತ್ತೆಯ ಚೀಟಿ ಬರೆಯುವಾಗ ನಾನೇ ಪಕ್ಕದಲ್ಲಿದ್ದೆ.

“ಆಯೀ, ಇದರ ಹಿಂದಿನ ಪರಿಕಲ್ಪನೆ ಏನು?”

“ಥಂಡಿ.”

“ಅಳತೆ?”

“ಇಬ್ಬರು ದೊಡ್ಡಾವ್ರು. ನಡುವ ಒಂದು ಕೂಸು.”

“ಮಾಧ್ಯಮ ಅಂದ್ರ... ಯಾವುದರಿಂದ ಮಾಡೀರಿ?”

“ಮನ್ಯಾಗ ಯಾರ್‍ಯಾರ ಅರಿವಿ ಸಿಕ್ಕಾವು, ಅವೆಲ್ಲಾ. ಮೂಲ್ಯಾಗ ಹ್ವಾಳಗಿ ಚೂರ ಐತಿ, ಅದನ್ನೂ ಬರಿ.”

ಹುಡುಗಿ ‘ಮಿಶ್ರ ಮಾಧ್ಯಮ’ ಎಂದು ಬರೆದಳು. ಕೌದಿಯನ್ನು ತೂಗುಹಾಕಿದ ಮೇಲೆ ಅತ್ತೆ ಅದರ ಮುಂದೆ ನಿಂತು, ಗೋಡೆಯನ್ನು ಮುಟ್ಟಿ ನೋಡಿ, “ಗ್ವಾಡಿಗೆ ಥಂಡಿ ಹತ್ತಿತ್ತೇನ?” ಎಂದು ಕೇಳಿದರು. ಗೋಡೆಯ ಮಾತು ಬಿಡಿ, ಮನೆಯಲ್ಲಿ ಇವರಿಗೆ ಹತ್ತಿತ್ತು. ಆ ಕೌದಿ ಇವರದು. ಅಂಗಡಿಯ ಮೆತ್ತನೆಯ ಬ್ಲ್ಯಾಂಕೆಟ್ ಕೊಟ್ಟರೆ ‘ಮೈಮ್ಯಾಲ ಏನೂ ಇಲ್ಲಧಂಗ ಆಗತೈತಿ’ ಎಂದು ಎದ್ದು ಕೂಡುವುದು, ರಾತ್ರಿ ಎರಡು ಗಂಟೆಗೆ ‘ಕಲಾವಿದರೇ, ನಿಮ್ಮ ಪ್ರದರ್ಶನ ಯಾವಾಗ ಮುಗೀತೈತಿ?’ ಎಂದು ಬಹುವಚನದಲ್ಲಿ ನನ್ನನ್ನು ಎಬ್ಬಿಸುವುದು. ಕೌದಿಗೆ ಭಾರ ಇರುತ್ತದೆ ನೋಡಿ. ಅದರ ಕೆಳಗೆ ಬೆಳೆದವರಿಗೆ ಹಗುರವಾದದ್ದು ಹೊದಿಕೆಯೇ ಅಲ್ಲ.

ಉದ್ಘಾಟನೆಯ ದಿನ ದೀಪ ಹತ್ತಿಸಿದರು. ಮೂರೂ ತಾಲೂಕಿನ ನಮ್ಮ ಬೀಗರು ಬಿಜ್ಜರೆಲ್ಲ ಬಂದಿದ್ದರು. ಬೆಳಗಾವಿಯಿಂದ ಬಂದ ಕಲಾಪ್ರೇಮಿಗಳು ಎರಡು ಹೆಜ್ಜೆ ಹಿಂದೆ ನಿಂತು, ಕಣ್ಣು ಕಿರಿದು ಮಾಡಿ, ಬಣ್ಣಗಳ ಸಂಯೋಜನೆ ನೋಡುತ್ತಿದ್ದರು. ನಮ್ಮವರು ಎರಡು ಹೆಜ್ಜೆ ಮುಂದೆ ಹೋಗಿ, ಕೈಯಲ್ಲಿ ಹಿಡಿದು ತಿಕ್ಕಿ, ಯಾರ ಸೀರೆ ಎಂದು ನೋಡುತ್ತಿದ್ದರು.

“ಇದು ನಮ್ಮ ಸೋದರತ್ತೀದು.”

“ಇದು ಬಾಣಂತನಕ್ಕ ಕೊಟ್ಟಿದ್ದು.”

“ಇದು ಪಂಚಾಯತಿ ಇಲೆಕ್ಷನ್ನಿನ ಬ್ಯಾನರ್ ಅಲ್ಲೇನ?” (ಹೌದು. ಬಟ್ಟೆ ಗಟ್ಟಿ ಇತ್ತು.)

ಆಗ ನೆಗೆಣ್ಣಿ ನಿಂತಲ್ಲೇ ನಿಂತಳು. ಅವಳ ಕಣ್ಣು ಮೇಲಿನ ಎಡಮೂಲೆಯಲ್ಲಿತ್ತು. ಇಳಕಲ್ ಸೀರೆಯ ಕೆಂಪು ಸೆರಗು, ಬಿಳಿಯ ತೋಪತೆನಿ, ಅಂಚಿನಲ್ಲಿ ಚಿಕ್ಕಿ. ಮೇಲಿನ ದೀಪ ನೇರ ಅದರ ಮೇಲೆಯೇ ಬಿದ್ದಿತ್ತು.

ಈಗ ಹಿಂದಿನ ಕಥೆ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಊರೊಳಗೆ ಬಂದಾಗ ನೆಗೆಣ್ಣಿಯ ಒಂದು ಟ್ರಂಕು ನಮ್ಮ ಕೆಳಗಿನ ಖೋಲಿಯಲ್ಲಿತ್ತು. ನೀರಿಳಿದ ಮೇಲೆ ತೆಗೆದರೆ ಎಲ್ಲ ರಾಡಿ. ಎಲ್ಲವನ್ನೂ ತೊಳೆದೆ. ಇಳಕಲ್ ಸೀರೆಯ ಮೈಗೆ ಮಾತ್ರ ಹೋಗದ ಕಲೆ ಹತ್ತಿತ್ತು, ಸೆರಗು ಹೊಸದರಂತೆಯೇ ಇತ್ತು. ಅವಳಿಗೆ ಕಲೆ ಬಿದ್ದ ಸೀರೆ ತೋರಿಸಿ ನೋಯಿಸುವುದೇಕೆ ಎಂದು ಹೊಳ್ಯಾಗ ಹೋಯಿತು ಎಂದೆ. ಪಾಪ, ಬಹಳ ಅತ್ತಳು. ಸಮಾಧಾನ ಮಾಡಿದವಳೂ ನಾನೇ. ‘ಗಂಗವ್ವ ಒಯ್ದದ್ದಕ್ಕ ಕಣ್ಣೀರು ಹಾಕಬಾರದು ಅಕ್ಕಾ’ ಎಂಬ ಮಾತನ್ನು ಬಹಳ ಚೆನ್ನಾಗಿ ಹೇಳಿದ್ದೆ ಎಂದು ಆಗ ಎಲ್ಲರೂ ಮೆಚ್ಚಿದ್ದರು.

“ಗಂಗವ್ವ ಒಯ್ದಿದ್ದು ಇಲ್ಲಿ ಹ್ಯಾಂಗ ಬಂತು?” ನೆಗೆಣ್ಣಿ ಕೇಳಿದಳು. ಹುಕ್ಕೇರಿಯ ಸಂಘದವರೆಲ್ಲ ಒಟ್ಟಿಗೇ ತಿರುಗಿದರು.

ನಾನು ಟೆರಾಕೋಟಾ ಸರ ಸರಿಮಾಡಿಕೊಂಡು, ಕಲೆಯಲ್ಲಿ ವಸ್ತುವಿನ ಮೂಲಕ್ಕಿಂತ ಅದರ ರೂಪಾಂತರ ಮುಖ್ಯ ಎಂದೆ. ಹುಡುಗಿಯಿಂದ ಕಲಿತ ವಾಕ್ಯ. ಬೆಳಗಾವಿಯ ಕಲಾಪ್ರೇಮಿಯೊಬ್ಬರು ತಲೆಯಾಡಿಸಿ ಬರೆದುಕೊಂಡರು. ಅತ್ತೆ ನಡುವೆ ಬಂದು, “ಈಕೀನ ಕೊಟ್ಟಾಳ. ನಿನಗ ಬ್ಯಾಡಾಗೈತಿ ಅಂತ ಹೇಳಿದ್ಲು” ಎಂದು ನನ್ನ ರೂಪಾಂತರವನ್ನು ಅಲ್ಲಿಗೇ ಮುಗಿಸಿದರು. ಇವರು ಐದು ಕಾಲಿನ ಆನೆ ಇರುವ ಕಡೆ ಹೋಗಿ, ಅದರ ಪ್ರಾಮಾಣಿಕ ಬಾಜೂವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

ಜಗಳ ಇನ್ನೂ ಏರುತ್ತಿತ್ತು. ಆದರೆ ಅಷ್ಟರಲ್ಲಿ ಆ ಕಲಾಪ್ರೇಮಿ ಅತ್ತೆಯ ಕೌದಿಯ ಬೆಲೆ ಕೇಳಿದರು. ನೆಗೆಣ್ಣಿಯೂ ಸುಮ್ಮನಾದಳು. ಸೆರಗು ತನ್ನದಾದರೆ ಬೆಲೆಯಲ್ಲೂ ಪಾಲು ಬರಬೇಕಲ್ಲ. ಹುಡುಗಿ ಓಡಿ ಬಂದು ನೋಡಿದರೆ ಕೌದಿಯ ಮೂಲೆಯಲ್ಲಿ ಕೆಂಪು ಚುಕ್ಕೆ. ಗ್ಯಾಲರಿಯಲ್ಲಿ ಕೆಂಪು ಚುಕ್ಕೆ ಹಚ್ಚಿದರೆ ಮಾರಾಟವಾಯಿತೆಂದು ಗುರುತಂತೆ. ಬಂದವರು, “ಓ, ಆಗಲೇ ಹೋಗಿದೆಯೇ” ಎಂದು ಬೇಸರಪಟ್ಟುಕೊಂಡು ಭಾವನ ಮಗಡದ ಕಡೆ ನಡೆದರು.

“ಯಾರು ತಗೊಂಡ್ರು? ನಾ ಚುಕ್ಕಿ ಹಚ್ಚೇ ಇಲ್ಲ!” ಹುಡುಗಿ ಎಲ್ಲರನ್ನೂ ಕೇಳಿದಳು.

“ನಾ ಹಚ್ಚೇನಿ” ಅತ್ತೆ ಅಂದರು. “ಅವಕ್ಕೆಲ್ಲಾ ಕುಂಕುಮ ಹಚ್ಚೀರಿ, ನಮ್ಮದರದಷ್ಟ ಬರೇ ಹಣಿ. ಹಬ್ಬದ ದಿನ ಹಂಗ ಬಿಡತಾರೇನ?”

ಭಾವನ ಸರಂಜಾಮು ಒಂದೂ ಉಳಿಯಲಿಲ್ಲ. ಕೊರಳಪಟ್ಟಿಗಳು ಬೆಳಗಾವಿಯ ಯಾರದೋ ಹಾಲ್‌ನಲ್ಲಿ ತೂಗುತ್ತಿವೆ. ಈ ಸಲ ಕಾರಹುಣ್ಣಿಮೆಗೆ ಮೂಡಲಗಿಯ ಎತ್ತುಗಳು ಬೋಳು ಕೊರಳಲ್ಲಿ ಓಡಿದವು, ಭಾವ ಮಾತ್ರ ಕಲಾವಿದರೆಂದು ಹೊಸ ಜುಬ್ಬಾ ಹಾಕಿಕೊಂಡಿದ್ದರು. ನನ್ನ ಕಸೂತಿಯನ್ನು ಯಾರೂ ಕೊಳ್ಳಲಿಲ್ಲ. ಒಬ್ಬರು ಅದನ್ನು ಸರಿಯಾಗಿ ತಿರುಗಿಸಿ ಹಾಕಲು ಹೋಗಿ, ಆನೆ ನೋಡಿ, ಮತ್ತೆ ಉಲ್ಟಾ ಮಾಡಿ ಹೋದರು.

ಸೀರೆಯ ಪಂಚಾಯತಿ ಕರದಂಟಿನ ಡಬ್ಬಿ ನಡುವಿಟ್ಟುಕೊಂಡು ನಮ್ಮ ಪಡಸಾಲೆಯಲ್ಲೇ ನಡೆಯಿತು. ಕೌದಿ ಬಿಚ್ಚುವಂತಿಲ್ಲ, ಬಿಚ್ಚಿದರೆ ಇವರಿಗೆ ನಿದ್ದೆ ಇಲ್ಲ. ಆದ್ದರಿಂದ ನೆಗೆಣ್ಣಿಗೆ ಹೊಸ ಇಳಕಲ್ ಸೀರೆ ಕೊಡಿಸಬೇಕು, ಅದೇ ತೋಪತೆನಿ, ಅದೇ ಚಿಕ್ಕಿ ಅಂಚು, ನನ್ನ ಉಳಿತಾಯದಿಂದ. ಕೊಡಿಸಿದೆ. ಅವಳು ಅಂದೇ ಅದನ್ನು ಉಟ್ಟುಕೊಂಡು ಬಂದು ಅತ್ತೆಗೆ ನಮಸ್ಕಾರ ಮಾಡಿದಳು. ಅತ್ತೆ ಸೆರಗಿನ ತುದಿ ಕೈಯಲ್ಲಿ ಹಿಡಿದು, ಹೆಬ್ಬೆರಳಿನಿಂದ ತಿಕ್ಕಿ, ಬೆಳಕಿಗೆ ಹಿಡಿದು ನೋಡಿದರು.

“ನೇಯ್ಗಿ ಛಲೋ ಐತಿ, ಉಟಗೊ” ಅಂದರು. “ಉಟ್ಟು ಸಾಕಾದ ಮ್ಯಾಲ ಮಾತ್ರ ಸೀದಾ ನನ್ನ ಕೈಯಾಗ ತಂದು ಕೊಡ. ಈಕೀ ಕೈಯಾಗ ಬ್ಯಾಡ.”