ಚೈನು ಕವರಿನ ಮಹಜರು

ಸರ್ವೀಸು ಪೂರ್ತಿ ನ್ಯಾಯಪೀಠದ ಕೆಳಗಿನ ಮೇಜಿನಲ್ಲಿ ಕೂತವನು ನಾನು. ಮೇಲಿನಿಂದ ತೀರ್ಪು ಇಳಿಯುವುದು, ಕೆಳಗೆ ನಾನು ಫೈಲು ಕಟ್ಟುವುದು. ಹೀಗೆ ಕಟ್ಟಿ ಕಟ್ಟಿ ನಿವೃತ್ತನಾದ ಶಿರಸ್ತೇದಾರನ ಹೊಟ್ಟೆಯಲ್ಲಿ, ಕೊಡಲಾಗದೆ ಉಳಿದ ತೀರ್ಪುಗಳು ರಾಶಿ ಬಿದ್ದಿರುತ್ತವೆ. ಮನೆಯಲ್ಲಿ ಅವು ನಡೆಯುವುದಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಇವಳು ಮೇಲ್ಮನವಿಯನ್ನೂ ಇತ್ಯರ್ಥ ಮಾಡಿ ಮುಗಿಸಿರುತ್ತಾಳೆ. ಆದ್ದರಿಂದ, ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಸ್ಪ್ಲೆಂಡರಿನ ಚೈನು ಸ್ಪ್ರಾಕೆಟ್ಟು ಸವೆದಿದೆ ಎಂದು ತಿಳಿದ ದಿನ ನನಗೆ ದುಃಖವಾಯಿತು ಎಂದರೆ ಅದು ಸುಳ್ಳು ಸಾಕ್ಷಿಯಾದೀತು. ಕೊನೆಗೂ ನನಗೊಂದು ಕೇಸು ಸಿಕ್ಕಿತ್ತು.

ಸಂಗತಿ ಇಷ್ಟೇ. ಆಲ್ದೂರಿನ ಕಡೆ ಕಾಫಿ ತೋಟವೊಂದರ ರೈಟರ ಬಳಿ ಇದ್ದ 2012ರ ಗಾಡಿ. ಹೊರಗೆಲ್ಲ ಮಿರಮಿರ. ಗಾಡಿಯ ವಿಷಯದಲ್ಲಿ ನನಗೆ ಗೊತ್ತಿರುವುದು ಪೆಟ್ರೋಲು ಎಲ್ಲಿಗೆ ಹಾಕಬೇಕು ಎಂಬುದಷ್ಟೆ. ಅದಕ್ಕೇ ಚಿಕ್ಕಮಗಳೂರಿನ ನಮ್ಮ ಬಡಾವಣೆಯ ಮೇಸ್ತ್ರಿಗೆ ಮುನ್ನೂರು ರೂಪಾಯಿ ಕೊಟ್ಟು ನೋಡಿಸಿದೆ. ಅವನು ಸ್ಟಾರ್ಟ್ ಮಾಡಿದ, ಕಿವಿಗೊಟ್ಟ, ಸೈಲೆನ್ಸರಿನ ಹೊಗೆಗೆ ಅಂಗೈ ಒಡ್ಡಿದ, ಒಂದು ರೌಂಡು ಹೊಡೆದು ಬಂದು, “ಇಂಜಿನ್‌ಗೆ ಯಾರೂ ಕೈ ಹಾಕಿಲ್ಲ ಸಾರ್, ಧೈರ್ಯವಾಗಿ ತಗೊಳ್ಳಿ” ಅಂದ. ತಗೊಂಡೆ. ಫಾರಂ 29, 30ಕ್ಕೆ ಸಹಿ ಬಿತ್ತು, ಆರ್‌ಸಿ ನನ್ನ ಹೆಸರಿಗಾಯಿತು, ಮಳೆಗಾಲವೂ ಬಂತು. ಕೈಮರದಿಂದ ಮೇಲಕ್ಕೆ ಏರುವಾಗ ಗಾಡಿ ಕಟಕ್ ಕಟಕ್ ಎಂದು ಲಟಿಕೆ ಮುರಿಯತೊಡಗಿತು. ಹಿಂದಿನಿಂದ ಬಂದ ಜೀಪಿನ ಡ್ರೈವರು ಕಿಟಕಿಯಿಂದ ತಲೆ ಹಾಕಿ, “ಚೈನ್ ಸ್ಪ್ರಾಕೆಟ್ ಮುಗಿದಿದೆ ಯಜಮಾನ್ರೇ” ಎಂದು ಫೀಸಿಲ್ಲದೆ ಅಭಿಪ್ರಾಯ ಕೊಟ್ಟು ಹೋದ.

ಕೇಸು ಯಾರ ಮೇಲೆ? ತೋಟದ ರೈಟರ ಮೇಲೆ ಹೋಗುವಂತಿಲ್ಲ. 1930ರ ಸರಕು ಮಾರಾಟ ಕಾಯಿದೆಯ 16ನೇ ಕಲಮು ಕೊಳ್ಳುವವನ ಕಡೆಗೆ ಅಷ್ಟೇನೂ ಕರುಣೆ ತೋರಿಸುವುದಿಲ್ಲ. ಅವರು ವ್ಯಾಪಾರಿಯೂ ಅಲ್ಲ, ಮೇಲಾಗಿ ನಾನೇ ಪರೀಕ್ಷೆ ಮಾಡಿಸಿ ಕೊಂಡವನು. ಹಾಗಾದರೆ ಪರೀಕ್ಷೆ ಮಾಡಿದವನು? ಅದು ಸೇವೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಸೇವಾ ನ್ಯೂನತೆ. ಜಿಲ್ಲಾ ಆಯೋಗದಲ್ಲಿ ಐದು ಲಕ್ಷದವರೆಗಿನ ದೂರಿಗೆ ಶುಲ್ಕವೂ ಇಲ್ಲ. ಚೈನು ಸ್ಪ್ರಾಕೆಟ್ ಸೆಟ್ಟಿಗೆ ಸಾವಿರದ ನೂರು. ಶುಲ್ಕವಿಲ್ಲದೆ ಕೇಳಬಹುದಾಗಿದ್ದ ಉಳಿದ ನಾಲ್ಕು ಲಕ್ಷದ ತೊಂಬತ್ತೆಂಟು ಸಾವಿರದ ಒಂಬೈನೂರು ವ್ಯರ್ಥವಾಗುತ್ತದಲ್ಲ ಎಂಬ ಸಂಕಟದಲ್ಲಿ, ಆಯೋಗಕ್ಕೆ ಹೋಗದೆ ನಾನೇ ಕೋರ್ಟು ಕೂರಿಸುವುದೆಂದು ತೀರ್ಮಾನಿಸಿದೆ.

ಭಾನುವಾರ ಬೆಳಿಗ್ಗೆ, ಮೇಸ್ತ್ರಿಯ ಶೆಡ್ಡಿನ ಮುಂದೆ. ಪಂಚರು ಇಬ್ಬರು: ನನ್ನ ಭಾವಮೈದ, ಮತ್ತು ಪಕ್ಕದ ಮನೆಯ ನಿವೃತ್ತ ಬ್ಯಾಂಕ್ ಮ್ಯಾನೇಜರು. ಮೇಸ್ತ್ರಿಯ ವಾದ ಚಿಕ್ಕದು: “ಚೈನು ಕವರಿನೊಳಗಿರುತ್ತೆ ಸಾರ್. ಬಿಚ್ಚದೆ ಹೇಗೆ ಕಾಣುತ್ತೆ?” ಸ್ಪ್ಲೆಂಡರಿನ ಚೈನಿಗೆ ಅಡಿಯಿಂದ ಮುಡಿಯವರೆಗೆ ಕವರು, ನಿಜ. ಆದರೆ ಅದರಲ್ಲಿ ಒಂದು ರಬ್ಬರ್ ಬಿರಡೆ ಇದೆ. ತೆಗೆದರೆ ಬೆರಳು ಹೋಗುವಷ್ಟು ಕಿಂಡಿ. ಚೈನಿನ ಸಡಿಲ ನೋಡಲಿಕ್ಕೆಂದೇ ಬಿಟ್ಟದ್ದು. ಹಾಗಾದರೆ ಸ್ಥಳ ಮಹಜರು ಆಗಲಿ ಎಂದೆ.

ಗಾಡಿಯನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ ಬಿರಡೆ ಕಿತ್ತರು. ಮೊದಲು ನಾನು ಬೆರಳಿಟ್ಟೆ. ಚೈನು ಮೇಲಕ್ಕೂ ಕೆಳಕ್ಕೂ ಒಂದು ಇಂಚಿನಷ್ಟು ಆಡಿತು. “ಇರಬೇಕಾದ್ದೇ ಅಷ್ಟು ಸಾರ್” ಎಂದ ಮೇಸ್ತ್ರಿ. ಬರೆದುಕೊಂಡೆ. ಭಾವಮೈದ ಬೆರಳಿಟ್ಟು, ಅದೇ ಒಂದು ಇಂಚನ್ನು ಒಂದೂವರೆ ಎಂದ. ಅವನಿಗೆ ನಾನು ಹೇಳಿದ ಯಾವ ಅಳತೆಯೂ ಹುಟ್ಟಿದಾಗಿನಿಂದ ಒಪ್ಪಿಗೆಯಾಗಿಲ್ಲ. ಮೂರನೆಯವರಾಗಿ ಮ್ಯಾನೇಜರು, ಪಂಚೆ ಎತ್ತಿ ಕಟ್ಟಿ, ಕುಕ್ಕರುಗಾಲಿನಲ್ಲಿ ಕೂತು, ಸಾಲದ ಅರ್ಜಿ ಪರಿಶೀಲಿಸುವ ಗಾಂಭೀರ್ಯದಿಂದ ಉಂಗುರದ ಬೆರಳನ್ನೇ ಒಳಗೆ ಕಳಿಸಿದರು. ಬೆರಳು ಹೋಯಿತು. ಉಂಗುರವೂ ಹೋಯಿತು. ಎರಡೂ ಹೊರಗೆ ಬರಲಿಲ್ಲ.

ಹರಳಿನ ಉಂಗುರ. ಮಂಗಳನಿಗೆ ಹಾಕಿಸಿದ್ದೋ ಶನಿಗೋ, ಹವಳ ಎತ್ತರಕ್ಕೆ ಕೂತಿತ್ತು. ಕವರಿನ ಒಳಅಂಚಿಗೆ ಅದು ಕೊಕ್ಕೆ ಹಾಕಿಕೊಂಡಿತು. “ಯಾರೂ ವೀಲ್ ತಿರುಗಿಸಬೇಡ್ರೀ!” ಎಂದು ಮೇಸ್ತ್ರಿ ಕೂಗಿದ್ದಕ್ಕೆ, ಏನೆಂದು ಕೇಳಲು ಓಡಿಬಂದ ಅವನ ಹುಡುಗ ವೀಲಿಗೇ ಕೈಯೂರಿದ. ಮ್ಯಾನೇಜರು ಕುಲದೇವರನ್ನು ಕರೆದರು. ಸಾಕ್ಷಿಯನ್ನು ಮುದ್ದೆಮಾಲೇ ವಶಪಡಿಸಿಕೊಂಡ ಪ್ರಸಂಗ ನನ್ನ ಸರ್ವೀಸಿನಲ್ಲಿ ಕಂಡಿರಲಿಲ್ಲ. ಮಹಜರಿನಲ್ಲಿ ಯಾವ ಕಾಲಂನಲ್ಲಿ ನಮೂದಿಸುವುದೆಂದು ನಾನು ಪೆನ್ನು ಕಚ್ಚುತ್ತಿದ್ದೆ. “ಭಾವ, ಬರೆಯೋದು ಆಮೇಲೆ, ಮೊದಲು ಎಣ್ಣೆ” ಎಂದ ಭಾವಮೈದ. ಆಗ ಮ್ಯಾನೇಜರು, ನೋವಿನ ನಡುವೆಯೂ ಸರಿಯಾದ ಪ್ರಶ್ನೆ ಕೇಳಿದರು: “ಅಲ್ರೀ, ಚೈನಿಗೆ ಎಣ್ಣೆ ಬಿಟ್ಟಿದ್ದರೆ ಬೆರಳು ತಾನಾಗೇ ಜಾರಿ ಬರಬೇಕಿತ್ತಲ್ಲ?” ಚೈನು ಒಣಗಿತ್ತು ಎಂಬುದಕ್ಕೆ ಇದಕ್ಕಿಂತ ನೇರ ಪುರಾವೆ ಬೇಕೆ! ಅವರನ್ನು ಹಾಗೇ ಇರಿಸಿಕೊಂಡು ಆ ಮಾತನ್ನು ಅಕ್ಷರಶಃ ದಾಖಲಿಸಿದೆ. ಅದೇ ಸಿಟ್ಟಿಗೆ ಅವರು ಈಗಲೂ ನನ್ನನ್ನು ಮಾತಾಡಿಸುವಾಗ ತೆಂಗಿನ ಮರ ನೋಡುತ್ತಾರೆ. ಕೊನೆಗೆ ಮೇಸ್ತ್ರಿ ಕವರಿನ ಬೋಲ್ಟು ಬಿಚ್ಚಿ, ಅವರ ಬೆರಳಿನ ಜೊತೆಗೇ ಅದನ್ನು ಕಳಚಿ, ಗ್ರೀಸು ಸವರಿ ಬಿಡುಗಡೆ ಮಾಡಿದ. ಮಹಜರಿನ ಕೆಳಗೆ ಪಂಚರ ಸಹಿಯ ಜಾಗದಲ್ಲಿ ತುಕ್ಕು, ಕೆಸರು, ಗ್ರೀಸಿನ ಬೆರಳಚ್ಚುಗಳು ಬಿದ್ದವು.

ಕವರು ಹೇಗೂ ಬಂದಿತ್ತು. ಸ್ಪ್ರಾಕೆಟ್ಟಿನ ಹಲ್ಲುಗಳು ಕುಡುಗೋಲಿನಂತೆ ಒಂದೇ ಕಡೆಗೆ ಬಾಗಿದ್ದವು. ಚೈನು ಹಿಗ್ಗುತ್ತದೆ ಎನ್ನುತ್ತೇವೆ, ಆದರೆ ಕಬ್ಬಿಣ ಹಿಗ್ಗುವುದಿಲ್ಲವಂತೆ. ತೋಟದ ಕೆಸರು, ಮರಳು, ಮಳೆನೀರು ಸೇರಿ ಒಂದೊಂದು ಪಿನ್ನನ್ನೂ ಬುಷ್ಷನ್ನೂ ಕೂದಲೆಳೆಯಷ್ಟು ತೇಯುತ್ತವೆ. ಇಡೀ ಚೈನಿನ ಕೂದಲೆಳೆಗಳು ಕೂಡಿಕೊಂಡರೆ ಅದು ಹಲ್ಲಿನಿಂದ ಹಲ್ಲಿಗೆ ಹಾರುವಷ್ಟು ಉದ್ದವಾಗುತ್ತದೆ. ಮಾರುವವರು ಆಕ್ಸಲನ್ನು ಹಿಂದಕ್ಕೆಳೆದು ಬಿಗಿ ಮಾಡಿದರೆ ಸಡಿಲವೆಲ್ಲ ಮಾಯ. ಕಿಂಡಿಯಲ್ಲಿ ಎಷ್ಟು ಬೆರಳಿಟ್ಟರೂ ಒಂದೇ ಇಂಚು. ಇಲ್ಲಿಗೆ ಮೇಸ್ತ್ರಿ ನಿರ್ದೋಷಿಯಾಗಬೇಕಿತ್ತು. ಆದರೆ ಆಕ್ಸಲಿನ ಎರಡೂ ಪಕ್ಕ ಅಡ್ಜಸ್ಟರಿನ ಗೀಟುಗಳಿರುತ್ತವೆ, ಹೊರಗೇ ಕಾಣುವಂತೆ. ನಮ್ಮದು ಕೊನೆಯ ಗೀಟಿಗೆ ಬಂದು ಕೂತಿತ್ತು.

“ಇದು ಕಾಣಲಿಲ್ಲವೇನಪ್ಪಾ?” ಪಾಟೀಸವಾಲು ಶುರು ಮಾಡಿದೆ.

“ಕಂಡಿತ್ತು ಸಾರ್. ಮುಂದೆ ಚೈನ್ ನೋಡ್ಕೋಬೇಕಾಗುತ್ತೆ ಅಂತ ಹೇಳಿದ್ದೆನಲ್ಲ.”

“ಯಾರಿಗೆ ಹೇಳಿದೆ?”

ಅವನು ಭಾವಮೈದನ ಕಡೆ ನೋಡಿದ. ಭಾವಮೈದ ಆಕಾಶದ ಕಡೆ ನೋಡಿ, “ಹೇಳಿದ ಹಾಗಿತ್ತು ಭಾವ. ಮೆಕ್ಯಾನಿಕ್‌ಗಳು ಸುಮ್ಮನೆ ಅನ್ನುತ್ತಾರಲ್ಲ ಅಂತ ಬಿಟ್ಟೆ” ಎಂದ. ನನ್ನ ಕೇಸಿನ ಏಕೈಕ ಗಟ್ಟಿ ಸಾಕ್ಷಿ ಹೀಗೆ ಎದುರಾಳಿಯ ಕಡೆ ತಿರುಗಿ ನಿಂತ. ಅಷ್ಟು ಸಾಲದೆಂದು ಮ್ಯಾನೇಜರು, ಬೆರಳನ್ನು ಊದಿಕೊಳ್ಳುತ್ತ, ಈ ಗ್ಯಾರೇಜಿನವರೆಲ್ಲ ಹೀಗೇ ಎಂದು ರಾಗ ತೆಗೆದರು. ನನಗೆ ಮೇಸ್ತ್ರಿಗಿಂತ ಇವರ ಮೇಲೆ ಸಿಟ್ಟು ಬಂತು. ಡಾಕ್ಟರು ಎರಡು ನಿಮಿಷ ಸ್ಟೆತಸ್ಕೋಪು ಇಟ್ಟು ಐನೂರು ತೆಗೆದುಕೊಂಡರೆ ಕೈಮುಗಿದು ಬರುವ ನಾವು, ಮುನ್ನೂರು ಕೊಟ್ಟು ಗಾಡಿಯ ಹುಟ್ಟಿನಿಂದ ಸಾವಿನವರೆಗಿನ ಜಾತಕ ಕೇಳುತ್ತೇವೆ. ಹನ್ನೆರಡು ವರ್ಷ ಓಡಿದ ಗಾಡಿಯಲ್ಲಿ ಚೈನು ಸವೆಯದೆ ಇನ್ನೇನು ಸವೆಯಬೇಕು? ಸವೆಯಲಿಕ್ಕೆಂದೇ ಇರುವ ವಸ್ತು ಸವೆದದ್ದಕ್ಕೆ ನೋಡಿದವನು ಹೊಣೆಯಲ್ಲ, ಕಂಡದ್ದನ್ನು ದುಡ್ಡು ಕೊಟ್ಟವನಿಗೆ ಹೇಳದಿದ್ದಕ್ಕೆ ಮಾತ್ರ ಹೊಣೆ. ತೀರ್ಪು ಮನಸ್ಸಿನಲ್ಲಿ ಸಿದ್ಧವಾಯಿತು: ಸೆಟ್ಟಿನ ಬೆಲೆ ನನ್ನದು, ಮಜೂರಿ ಅವನದು. ಗಂಟಲು ಸರಿಮಾಡಿಕೊಂಡೆ.

ಅಷ್ಟರಲ್ಲಿ ಅವನು ಹೊಸ ಸ್ಪ್ರಾಕೆಟ್ಟಿಗೆಂದು ಹಿಂದಿನ ವೀಲು ಬಿಚ್ಚಿ ನೆಲಕ್ಕಿಟ್ಟಿದ್ದ. ಒಳಗಿನ ಬ್ರೇಕ್ ಶೂ ನೋಡಿ ಅವನ ಮಾತು ನಿಂತಿತು. ಲೈನಿಂಗ್ ಕಾಗದದಷ್ಟಾಗಿ, ಒಂದು ಕಡೆ ಲೋಹ ಇಣುಕುತ್ತಿತ್ತು. ಬ್ರೇಕಿನ ಆರ್ಮಿನ ಬುಡದಲ್ಲಿ ಒಂದು ಪುಟ್ಟ ಬಾಣವಿದೆ. ಪೆಡಲು ಪೂರ್ತಿ ತುಳಿದಾಗ ಅದು ಪ್ಲೇಟಿನ ಗುರುತಿಗೆ ಮುಟ್ಟಿದರೆ ಶೂ ಮುಗಿಯಿತೆಂದರ್ಥ. ಅದೂ ಹೊರಗೇ ಕಾಣುವಂಥದು. ರಾಡಿನ ತುದಿಯ ನಟ್ಟನ್ನು ಯಾರೋ ತಿರುಗಿಸುತ್ತ ಬಂದಿದ್ದರಿಂದ ಪೆಡಲು ಹಿಡಿಯುತ್ತಲೇ ಇತ್ತು, ಸದ್ದು ಮಾಡಿರಲಿಲ್ಲ. ಹಿಂದಿನ ವಾರವೆಲ್ಲ ಮೊಮ್ಮಗಳನ್ನು ಕೂರಿಸಿಕೊಂಡು ಕೈಮರದ ಇಳಿಜಾರಿನಲ್ಲಿ ಬಂದದ್ದು ಇದರ ಮೇಲೆ.

ಭಾವಮೈದನಿಗೂ ಅಳತೆ ಹೇಳಲು ತೋಚಲಿಲ್ಲ. ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ, “ಚೈನ್ ಬಿಡಿ ಸಾರ್. ಇದು ನಾನು ನೋಡಬೇಕಿತ್ತು” ಅಂದ. ಯಾರೂ ಹೂಡದ ಕೇಸಿನಲ್ಲಿ, ಯಾರೂ ಕೇಳದೆ ಕೊಟ್ಟ ಹೇಳಿಕೆ. ನನ್ನ ಗಂಟಲಿನಲ್ಲಿ ಸಿದ್ಧವಾಗಿದ್ದ ತೀರ್ಪಿನಲ್ಲಿ ಇದಕ್ಕೆ ಜಾಗವಿರಲಿಲ್ಲ.

ಹೊಸ ಶೂ ಹಾಕಿದ. ಚೈನಿನ ಲೆಕ್ಕದಲ್ಲಿ ಒಂದು ರೂಪಾಯಿ ಬಿಡದೆ ವಾದಿಸಿದವನು ಶೂವಿನ ದುಡ್ಡು ಮುಟ್ಟಲಿಲ್ಲ. ಚೈನಿಗಾಗಿ ಕೋರ್ಟು ಕೂರಿಸಿದ ನಾನು ಅವನ ಜೇಬಿಗೆ ನೋಟು ತುರುಕಲು ಹೋದೆ. ಅವನು ತೆಗೆದು ಸೀಟಿನ ಮೇಲಿಟ್ಟ, ನಾನು ಟೂಲ್ ಬಾಕ್ಸಿನ ಮೇಲಿಟ್ಟೆ, ಅವನು ಮತ್ತೆ ಸೀಟಿನ ಮೇಲಿಟ್ಟ. ಕೊನೆಗೆ ಭಾವಮೈದ ಮಧ್ಯಸ್ಥಿಕೆ ವಹಿಸಿ, ವಿವಾದದ ಮೊತ್ತವನ್ನು ತನ್ನ ವಶಕ್ಕೆ ತೆಗೆದುಕೊಂಡು, ಎದುರಿನ ಹೋಟೆಲಿನಿಂದ ಎಲ್ಲರಿಗೂ ಕಾಫಿ ತರಿಸಿದ. ತನಗೆ ಮಾತ್ರ ಬಾದಾಮಿ ಹಾಲು ಹೇಳಿಕೊಂಡ.